ಗುಂಡೇಟು: ಆಸ್ಪತ್ರೆಗೆ ಮೊದಲಿನ ನಿಮಿಷಗಳು

ಸಂಚಾರ ನಿಯಮ ಮುರಿದ ಕಾರನ್ನು ತಡೆದು ನಿಲ್ಲಿಸುವುದು ಅಮೆರಿಕದ ಪೊಲೀಸರಿಗೆ ದಿನನಿತ್ಯದ ಕೆಲಸ. ಆದರೆ ಬಂದೂಕು ಸುಲಭವಾಗಿ ಸಿಗುವ ಆ ದೇಶದಲ್ಲಿ, ಒಳಗಿರುವವನ ಕೈಯಲ್ಲಿ ಏನಿದೆ ಎಂಬುದು ಹತ್ತಿರ ಹೋಗುವವರೆಗೆ ತಿಳಿಯದು. 2013ರ ಅಕ್ಟೋಬರ್‌ನಲ್ಲಿ ಟೆಕ್ಸಾಸ್‌ನ ಸ್ಟ್ಯಾಫರ್ಡ್‌ನಲ್ಲಿ ಆನ್ ಕ್ಯಾರಿಜಾಲೆಸ್ ಎಂಬ ಮಹಿಳಾ ಅಧಿಕಾರಿ ಹೀಗೆ ಕಾರೊಂದನ್ನು ನಿಲ್ಲಿಸಿದಾಗ ಅವರ ಮುಖಕ್ಕೂ ಎದೆಗೂ ಗುಂಡು ತಗುಲಿತು. ಎದೆಯ ಗುಂಡನ್ನು ರಕ್ಷಾಕವಚ ತಡೆಯಿತು, ಆಕೆ ಬದುಕಿದರು. 1992ರಲ್ಲಿ ದಕ್ಷಿಣ ಕೆರೊಲಿನಾದ ಮಾರ್ಕ್ ಕೋಟ್ಸ್ ಕೂಡ ಕವಚ ತೊಟ್ಟಿದ್ದರು. ಅದು ಮುಚ್ಚದ ಕಡೆಯಿಂದ ಚಿಕ್ಕ ಗುಂಡೊಂದು ಒಳಹೊಕ್ಕಿತು, ಅವರು ಉಳಿಯಲಿಲ್ಲ.

ಕವಚ ಕಾಯುವುದು ಎದೆ, ಹೊಟ್ಟೆ, ಬೆನ್ನನ್ನು ಮಾತ್ರ. ಕುತ್ತಿಗೆ, ಕಂಕುಳು, ತೊಡೆಸಂದು, ಕೈಕಾಲುಗಳಿಗೆ ರಕ್ಷಣೆಯಿಲ್ಲ. ವಯಸ್ಕರ ದೇಹದಲ್ಲಿರುವ ರಕ್ತ ಸುಮಾರು 5 ಲೀಟರ್. ತೊಡೆಯ ಮುಖ್ಯ ಅಪಧಮನಿ ತುಂಡಾದರೆ ಆಂಬುಲೆನ್ಸ್ ಬರುವ ಮೊದಲೇ, ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗಬಹುದು. ಆದ್ದರಿಂದಲೇ ಅಲ್ಲಿನ ಅನೇಕ ಪೊಲೀಸರು ಈಗ ಬಂದೂಕಿನ ಜೊತೆಗೆ ಟೂರ್ನಿಕೆ ಎಂಬ ಬಿಗಿಪಟ್ಟಿಯನ್ನೂ ಒಯ್ಯುತ್ತಾರೆ. ಒಂದೇ ಕೈಯಿಂದ ತಮಗೆ ತಾವೇ ಅದನ್ನು ಕಟ್ಟಿಕೊಳ್ಳಲು ಅಭ್ಯಾಸ ಮಾಡುತ್ತಾರೆ.

ದಾಳಿಯ ಕ್ಷಣದಲ್ಲಿ ಅಡ್ರಿನಲಿನ್ ರಸ ಉಕ್ಕಿ ಎದೆಬಡಿತ ಏರುತ್ತದೆ, ಬೆರಳು ನಡುಗುತ್ತದೆ, ನೋವು ಗೊತ್ತಾಗದೇ ಇರಬಹುದು. ನೋವಿಲ್ಲವೆಂದು ಗಾಯವಿಲ್ಲವೆಂದು ತಿಳಿಯಬಾರದು. ಗುಂಡು ಹಾರುತ್ತಿರುವಾಗ ಮರೆಗೆ ಸರಿಯುವುದು ಮೊದಲ ಕೆಲಸ. ಅನಂತರ ಮೈಯೆಲ್ಲ ಕೈಯಾಡಿಸಿ ಎಲ್ಲಿ ಒದ್ದೆಯಾಗಿದೆ ಎಂದು ನೋಡಬೇಕು.

ರಕ್ತ ನಿಲ್ಲಿಸುವ ಕ್ರಮ ಹೀಗಿದೆ:

* ಶುಭ್ರ ಬಟ್ಟೆಯನ್ನು ಗಾಯದ ಮೇಲಿಟ್ಟು ಎರಡೂ ಕೈಗಳಿಂದ ಬಲವಾಗಿ ಒತ್ತಿ. ಪದೇ ಪದೇ ಎತ್ತಿ ನೋಡಬೇಡಿ.

* ಕೈಕಾಲಿನಿಂದ ರಕ್ತ ಚಿಮ್ಮುತ್ತಿದ್ದರೆ ಗಾಯಕ್ಕಿಂತ 5ರಿಂದ 7 ಸೆಂಟಿಮೀಟರ್ ಮೇಲೆ, ಕೀಲನ್ನು ಬಿಟ್ಟು, ಟೂರ್ನಿಕೆ ಬಿಗಿಯಿರಿ. ಅದು ನೋಯುತ್ತದೆ; ಸಡಿಲಿಸಬೇಡಿ. ಕಟ್ಟಿದ ಸಮಯ ಬರೆದಿಡಿ. ತಂತಿ, ತೆಳು ಹಗ್ಗ ಬೇಡ.

* ಕಂಕುಳು, ತೊಡೆಸಂದಿನಲ್ಲಿ ಪಟ್ಟಿ ಕಟ್ಟಲಾಗದು. ಗಾಯದೊಳಕ್ಕೆ ಬಟ್ಟೆ ತುರುಕಿ ಒತ್ತಿಹಿಡಿಯಿರಿ. ಎದೆ, ಹೊಟ್ಟೆಯ ಗಾಯಕ್ಕೆ ಹೀಗೆ ತುರುಕಬಾರದು.

* ಚುಚ್ಚಿಕೊಂಡಿರುವ ವಸ್ತುವನ್ನು ಕೀಳಬೇಡಿ. ಕಾಫಿಪುಡಿ, ಅರಿಶಿನ ಮೆತ್ತಬೇಡಿ. ಕುಡಿಯಲು ಏನನ್ನೂ ಕೊಡಬೇಡಿ.

ನಮ್ಮಲ್ಲಿ ಗುಂಡೇಟು ಅಪರೂಪವಿರಬಹುದು. ಆದರೆ ಲಾರಿ ಹರಿದ ಕಾಲು, ಮಚ್ಚಿನೇಟು, ಒಕ್ಕಣೆ ಯಂತ್ರಕ್ಕೆ ಸಿಕ್ಕ ಕೈ ಅಪರೂಪವಲ್ಲ. ರಕ್ತ ನಿಲ್ಲಿಸುವ ವಿಧಾನ ಎಲ್ಲಕ್ಕೂ ಒಂದೇ. 'ಪೊಲೀಸ್ ಕೇಸ್' ಆಗುತ್ತದೆಂದು ದೂರ ನಿಲ್ಲಬೇಡಿ. ಮೊದಲು ಚಿಕಿತ್ಸೆ, ನಂತರ ಕಾಗದಪತ್ರ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ; 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ, ಅಪಘಾತದ ಗಾಯಾಳುವಿಗೆ ನೆರವಾಗುವವರಿಗೆ ರಕ್ಷಣೆ ನೀಡಿದೆ. ಒಬ್ಬರು 108ಕ್ಕೆ ಫೋನ್ ಮಾಡಲಿ. ಆಂಬುಲೆನ್ಸ್ ಬರುವವರೆಗೆ ನೀವು ಗಾಯದ ಮೇಲಿಂದ ಕೈ ತೆಗೆಯಬೇಡಿ.