ಏಲಕ್ಕಿ ಕಣಿವೆಯವರು ಕಾಣದ ಬಾರು

ತಮಿಳುನಾಡಿನ ಉತ್ತಮಪಾಳಯಂ ದಾಟಿ ಕಂಬಂ ಕಡೆ ಹೊರಟರೆ ರಸ್ತೆ ಪಕ್ಕದಲ್ಲೆಲ್ಲ ದ್ರಾಕ್ಷಿ ಚಪ್ಪರ. 2023ರಲ್ಲಿ ಭೌಗೋಳಿಕ ಗುರುತು ಪಡೆದ ಪನ್ನೀರ್ ದ್ರಾಕ್ಷಿ ಇದು. ಪಶ್ಚಿಮಕ್ಕೆ ತಲೆ ಎತ್ತಿದರೆ ಏಲಕ್ಕಿ ಬೆಟ್ಟಗಳು. ಆ ಫಸಲು ಹರಾಜಿಗೆ ಇಳಿದು ಬರುವುದು ಪಕ್ಕದ ಬೋಡಿನಾಯಕನೂರಿಗೆ. ಈ ಸೀಮೆಯ ಒಕ್ಕಲಿಗರ ಮನೆಗಳಲ್ಲಿ ಇವತ್ತಿಗೂ ಕನ್ನಡ ಕೇಳಿಸುತ್ತದೆ. ಆದರೆ ಜಿನ್ನಿಗೆಂದೇ ಮೀಸಲಾದ ಬಾರನ್ನು ಇಲ್ಲಿ ಹುಡುಕಬೇಡಿ. ತಮಿಳುನಾಡಿನಲ್ಲಿ 2003ರಿಂದ ಮದ್ಯದ ಚಿಲ್ಲರೆ ಮಾರಾಟ ಸರ್ಕಾರಿ ನಿಗಮ ಟಾಸ್ಮಾಕ್ ಕೈಯಲ್ಲಿದೆ. ಅಂಗಡಿಗೆ ಅಂಟಿಕೊಂಡ ಬಾರುಗಳಲ್ಲಿ ಘಮ ನೋಡಿ ಕುಡಿಯುವ ಪುರುಸೊತ್ತು ಯಾರಿಗೂ ಇಲ್ಲ.

ಆದರೂ ಜಿನ್ ಬಾರಿನ ಪರಿಚಯವನ್ನು ಇಲ್ಲಿಂದಲೇ ಶುರುಮಾಡಬೇಕು. ಯಾಕೆಂದರೆ ಜಿನ್ ಅಸಲಿಗೆ ಮಸಾಲೆಯ ಕಸುಬು. ಧಾನ್ಯದಿಂದಲೋ ಕಾಕಂಬಿಯಿಂದಲೋ ತೆಗೆದ, ತನ್ನದೇ ರುಚಿಯಿಲ್ಲದ ಮದ್ಯಸಾರದಲ್ಲಿ ಜೂನಿಪರ್ ಕಾಯಿಯನ್ನು ನೆನೆಹಾಕಿ ಮತ್ತೆ ಭಟ್ಟಿ ಇಳಿಸುತ್ತಾರೆ. ಆಯುರ್ವೇದದವರು ಹಪುಷಾ ಎನ್ನುವುದು ಇದನ್ನೇ. ಜೂನಿಪರ್ ಇಲ್ಲದೆ ಜಿನ್ ಇಲ್ಲ. ಜೊತೆಗೆ ಕೊತ್ತಂಬರಿ ಬೀಜ, ನಿಂಬೆ ಸಿಪ್ಪೆ, ಏಲಕ್ಕಿ, ಚಕ್ಕೆ ಯಾವ ಹದದಲ್ಲಿ ಬೀಳುತ್ತವೆ ಎನ್ನುವುದೇ ಒಂದೊಂದು ಭಟ್ಟಿಯ ಗುಟ್ಟು, ಮನೆಮನೆಯ ಸಾರಿನ ಪುಡಿಯ ಹಾಗೆ. ವಿಸ್ಕಿಯಂತೆ ವರ್ಷಗಟ್ಟಲೆ ಪೀಪಾಯಿಯಲ್ಲಿ ಕಾಯಬೇಕಿಲ್ಲ. ಗೋವಾದಲ್ಲಿ 2017ರಿಂದೀಚೆಗೆ ಗ್ರೇಟರ್ ದ್ಯಾನ್, ಹಪುಸಾ, ಸ್ಟ್ರೇಂಜರ್ ಅಂಡ್ ಸನ್ಸ್ ಎಂದು ಒಂದರ ಹಿಂದೊಂದು ಜಿನ್ ಹುಟ್ಟಿಕೊಳ್ಳಲು ಇದೂ ಒಂದು ಕಾರಣ. ಬೆಂಗಳೂರಿನ ಬಾರುಗಳ ಪಟ್ಟಿಯಲ್ಲಿ ಜಿನ್ನಿಗೆ ಒಂದು ಪುಟ ಸಿಕ್ಕಿದ್ದು ಆಮೇಲೆಯೇ.

ಜೊತೆಗಾರ ಟಾನಿಕ್ ನೀರಿನ ಕಹಿ ಕ್ವಿನೈನಿನದು, ಅಂದರೆ ಸಿಂಕೋನಾ ಮರದ ತೊಗಟೆಯದು. ಬ್ರಿಟಿಷರು 1860ರ ದಶಕದಲ್ಲಿ ದಕ್ಷಿಣ ಅಮೆರಿಕದಿಂದ ಸಿಂಕೋನಾ ತರಿಸಿ ನೀಲಗಿರಿಯಲ್ಲಿ ನೆಟ್ಟರು. ನಡುವಟ್ಟಂನಲ್ಲಿ ಕ್ವಿನೈನ್ ಕಾರ್ಖಾನೆಯೂ ನಡೆಯಿತು. ಕ್ವಿನೈನ್ ಚಳಿಜ್ವರದ ಮದ್ದು; ಆ ಜ್ವರದ ಭಯ ಅಂಥದ್ದು. ಕಂಬಂ ಕಣಿವೆಯ ಗದ್ದೆಗಳಿಗೆ ನೀರುಣಿಸುವ, 1895ರಲ್ಲಿ ಮುಗಿದ ಮುಲ್ಲಪೆರಿಯಾರ್ ಅಣೆಕಟ್ಟಿನ ಕೆಲಸದಲ್ಲೂ ಮಲೇರಿಯಾ ಕೂಲಿಗಳನ್ನು ಬಲಿ ತೆಗೆದುಕೊಂಡಿತ್ತು. ಈಗಿನ ಟಾನಿಕ್ಕಿನಲ್ಲಿ ಇರುವ ಕ್ವಿನೈನ್ ನಾಲಿಗೆಗಷ್ಟೇ ಸಾಕು, ಜ್ವರಕ್ಕೆ ಸಾಲದು. ಔಷಧಿ ಎಂದು ಮನೆಯವರಿಗೆ ಹೇಳಿ ನೋಡುವವರಿದ್ದರೆ ಅವರ ಅದೃಷ್ಟ!

ಜಿನ್ ಬಾರಿನಲ್ಲಿ ಜಿನ್ನಿನ ಜೊತೆ ಮೇಜಿಗೆ ಬರುವ ಟಾಪಾಸ್ ಸ್ಪೇನಿನದು. ಅಲ್ಲಿ ಜಿನ್-ಟಾನಿಕ್ ಎಂದರೆ ಬುರುಡೆಯಂಥ ದೊಡ್ಡ ಗಾಜಿನ ಬಟ್ಟಲು, ಅದರ ತುಂಬ ಐಸು, ಮೇಲೆ ಕಿತ್ತಳೆ ಸಿಪ್ಪೆಯೋ ಜಜ್ಜಿದ ಏಲಕ್ಕಿಯೋ. ಟಾಪಾಸ್ ಎಂದರೆ ನೆಂಚಿಕೊಳ್ಳುವ ತಟ್ಟೆಗಳು: ಉಪ್ಪಿನಲ್ಲಿಟ್ಟ ಆಲಿವ್, ಖಾರದ ಸಾಸ್ ಸುರಿದ ಕರಿದ ಆಲೂಗಡ್ಡೆ, ಬೆಳ್ಳುಳ್ಳಿ ಸೀಗಡಿ, ಮೊಟ್ಟೆ-ಆಲೂ ಸೇರಿಸಿದ ತೋರ್ತಿಯಾ. ಗ್ರನಾದಾ ಊರಿನಲ್ಲಿ ಪಾನೀಯ ಕೊಂಡರೆ ತಟ್ಟೆ ಪುಕ್ಕಟೆ. ನಮ್ಮಲ್ಲಿಗೆ ಹೆಸರು ಬಂತು, ಪುಕ್ಕಟೆ ಬರಲಿಲ್ಲ. ನಾಲ್ಕು ಆಲಿವ್‌ಗೂ ಬಿಲ್ಲಾಗುತ್ತದೆ. ಬೇಯಿಸಿದ ಮೊಟ್ಟೆ, ಕಡಲೆ ಸುಂಡಲ್ ನೆಂಚಿಕೊಂಡು ಕುಡಿಯುವ ಟಾಸ್ಮಾಕ್ ಗಿರಾಕಿಗೆ ಇದರಲ್ಲಿ ಹೊಸತೇನೂ ಕಾಣದು. ಅವನ ಎಣಿಕೆ ಸುಳ್ಳಲ್ಲ.

ನನ್ನ ಕೇಳಿದರೆ, ಇಂಥ ಬಾರಿಗೆ ಹೋಗಬೇಕಾದ್ದು ತಿಂಡಿಗಲ್ಲ, ಜಿನ್ನಿಗೆ. ಪಟ್ಟಿಯ ಉದ್ದ ನೋಡಿ ಬೆದರಬೇಡಿ. ಏಲಕ್ಕಿ ಹಾಕಿದ್ದು ಯಾವುದಿದೆ ಎಂದು ಕೇಳಿ. ಟಾನಿಕ್ ಬೇರೆಯಾಗಿ ತರಿಸಿಕೊಂಡು, ಜಿನ್ನಿನ ಮೂರರಷ್ಟು ನೀವೇ ಸುರಿದುಕೊಳ್ಳಿ. ಮೊದಲೇ ಹೊಟ್ಟೆಗೆ ಏನಾದರೂ ಹಾಕಿಕೊಂಡು ಹೋಗಿ. ಗಾಡಿ ಓಡಿಸುವವರಿಗೆ ಬರೀ ಟಾನಿಕ್, ನಿಂಬೆಹೋಳು ಹಾಕಿಸಿ.