ಸರಕಾರಿ ಔಷಧ ಸರಬರಾಜು ಮತ್ತು ಬೇಡಿಕೆಯ ಗಣಿತ

ದೇವನಹಳ್ಳಿಯ ವಿಮಾನನಿಲ್ದಾಣದಿಂದ ಬೆಂಗಳೂರಿಗೆ ಬರುವ ಬಳ್ಳಾರಿ ಹೆದ್ದಾರಿ ಹುಣಸಮಾರನಹಳ್ಳಿಯನ್ನು ಹಾಯ್ದು ಬರುತ್ತದೆ. 2021ನೆಯ ಇಸವಿ ಜನವರಿ 12ರಂದು ಆ ನಿಲ್ದಾಣದಲ್ಲಿಳಿದ ಸುಮಾರು 6.48 ಲಕ್ಷ ಪ್ರಮಾಣಗಳಷ್ಟು ಕೋವಿಶೀಲ್ಡ್ ಲಸಿಕೆಯು ನಗರದ ಆನಂದರಾವ್ ವೃತ್ತದ ಬಳಿಯ ರಾಜ್ಯ ಉಗ್ರಾಣವನ್ನು ಸೇರಿತು. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಯೇ ಇರಿಸತಕ್ಕುದಾದುದರಿಂದ ಅದಕ್ಕೆ ಇವಿನ್ ಎಂಬ ಗಣಕಜಾಲದ ಕಾವಲುಂಟು. ಶೀತಕದ ಉಷ್ಣತೆಯೂ ದಾಸ್ತಾನಿನ ಎಣಿಕೆಯೂ ದೂರದಿಂದಲೇ ತಿಳಿಯುವುವು. ನಿತ್ಯವೂ ಬೇಕಾಗುವ ರಕ್ತದೊತ್ತಡದ ಮಾತ್ರೆಗೆ ಇಷ್ಟು ಗೌರವ ದೊರೆಯುವುದು ಅಪೂರ್ವ.

ತಮಿಳುನಾಡು 1994ರಲ್ಲಿ ಈ ಕಾರ್ಯಕ್ಕಾಗಿಯೇ ನಿಗಮವೊಂದನ್ನು ಸ್ಥಾಪಿಸಿತು. ಕರ್ನಾಟಕದಲ್ಲಿ 2002-03ರಲ್ಲಿ ಹುಟ್ಟಿದ ಔಷಧ ಸಾಗಣೆ ಮತ್ತು ಉಗ್ರಾಣ ಸಂಘವು ಮುಂದೆ ರಾಜ್ಯ ವೈದ್ಯಕೀಯ ಸರಬರಾಜು ನಿಗಮವಾಯಿತು. ಒಟ್ಟಾಗಿ ಕೊಂಡರೆ ಬೆಲೆ ಇಳಿಯುವುದು. ಜಿಲ್ಲೆಯ ಉಗ್ರಾಣಗಳಿಂದ ಹಂಚಿಕೆ ಸುಲಭವಾಗುವುದು. ಇಷ್ಟು ಸರಿಯೆ. ತೊಡಕಿರುವುದು ಬೇಡಿಕೆಯನ್ನು ಎಣಿಸುವ ಬಗೆಯಲ್ಲಿ.

ತಿಂಗಳಿಗೆ 1,000 ಮಾತ್ರೆ ಬೇಕಾದ ಆರೋಗ್ಯಕೇಂದ್ರವೊಂದನ್ನು ಊಹಿಸಬಹುದು. ವರ್ಷದಲ್ಲಿ 4 ತಿಂಗಳು ದಾಸ್ತಾನು ಬರಿದಾಗಿದ್ದರೆ ಕಡತದಲ್ಲಿ ಕಾಣುವ ವೆಚ್ಚ 8,000 ಮಾತ್ರ. ಮರುವರ್ಷದ ಬೇಡಿಕೆಯನ್ನು ಇದರಿಂದಲೇ ಕಟ್ಟಿದರೆ, ಮಾತ್ರೆಯಿಲ್ಲದೆ ಹಿಂದಿರುಗಿದ ರೋಗಿಗಳು ಲೆಕ್ಕಕ್ಕೇ ಬಾರದೆ ಹೋಗುವರು. ಕೊರತೆಯು ತಾನಾಗಿ ಮರುಕಳಿಸುವುದು. ದಾಸ್ತಾನಿದ್ದ 8 ತಿಂಗಳ ಸರಾಸರಿಯನ್ನು 12ರಿಂದ ಗುಣಿಸುವುದೇ ಯುಕ್ತವಾದ ಕ್ರಮ. ಅದಕ್ಕೆ ಬರಿದಾದ ದಿನಗಳು ಯಾವುವೆಂದು ತಿಳಿದಿರಬೇಕಷ್ಟೆ. ಔಷಧ ಕೊಡುವ ಕಿಟಕಿಯಲ್ಲಿ ಅಂದಂದಿನ ವೆಚ್ಚ ಅಂದಂದೇ ನಮೂದಾದರೆ ಗಣಕಯಂತ್ರವು ಅವನ್ನು ತಾನೇ ಗುರುತಿಸಬಲ್ಲುದು. ತಿಂಗಳ ಕೊನೆಗೆ ಒಟ್ಟಿಗೆ ಬರೆದಲ್ಲಿ ಅವು ಮುಚ್ಚಿಹೋಗುವುವು. ಒಬ್ಬನೇ ಔಷಧಗಾರನು ರೋಗಿಗಳ ಸಾಲನ್ನೂ ಕಡತವನ್ನೂ ನೋಡಿಕೊಳ್ಳಬೇಕಾದೆಡೆ ಹೀಗಾಗುವುದು ಸಹಜ.