ಶ್ರೀರಂಗಪಟ್ಟಣದ ಸೆರೆಯಲ್ಲಿ ಕೆನರಾ ಕ್ರೈಸ್ತರು

ಪ್ರಾಣ ಹೋದರೂ ಕ್ರಿಸ್ತನನ್ನು ನಿರಾಕರಿಸದೆ ಮಡಿದವರನ್ನು ಕ್ಯಾಥೊಲಿಕ್ ಧರ್ಮಸಭೆ ರಕ್ತಸಾಕ್ಷಿಗಳೆಂದು ಗೌರವಿಸುತ್ತದೆ. ಅಂಥವರಲ್ಲೊಬ್ಬರಾದ ತಿರುವಾಂಕೂರಿನ ದೇವಸಹಾಯಂ ಪಿಳ್ಳೈ 1752ರಲ್ಲಿ ಗುಂಡೇಟಿಗೆ ಬಲಿಯಾದರು, 2022ರಲ್ಲಿ ಸಂತರೆನಿಸಿದರು. ಆಗ ಕೆನರಾ ಎನಿಸಿದ್ದ ಕರಾವಳಿ ಕರ್ನಾಟಕದ ಕ್ಯಾಥೊಲಿಕರು ಪಟ್ಟ ಪಾಡು ಬೇರೆ ಬಗೆಯದು. ಅಲ್ಲಿ ನೊಂದದ್ದು ಇಡೀ ಸಮುದಾಯ. ಮಡಿದವರಲ್ಲಿ ಬಹುಪಾಲು ಜನರ ಹೆಸರೂ ಉಳಿದಿಲ್ಲ.

1783ರಲ್ಲಿ ಜನರಲ್ ಮ್ಯಾಥ್ಯೂಸನ ಈಸ್ಟ್ ಇಂಡಿಯಾ ಕಂಪನಿ ಪಡೆ ಮಂಗಳೂರನ್ನು ಹಿಡಿದಿತ್ತು. ಸ್ಥಳೀಯ ಕ್ರೈಸ್ತರು ಅದಕ್ಕೆ ನೆರವಾದರೆಂಬ ಸಿಟ್ಟು ಮೈಸೂರಿನ ಟಿಪ್ಪು ಸುಲ್ತಾನನಿಗೆ. ಊರು ಮರಳಿ ಕೈಸೇರಿದ ಮೇಲೆ, 1784ರ ಬೂದಿ ಬುಧವಾರದ ಹೊತ್ತಿಗೆ, ಸಾಮೂಹಿಕ ಬಂಧನ ನಡೆಯಿತೆನ್ನುತ್ತದೆ ಸಮುದಾಯದ ಪರಂಪರೆ. 21 ಪಾದ್ರಿಗಳಿಗೆ ಗೋವೆಗೆ ಗಡೀಪಾರು. 27 ಇಗರ್ಜಿಗಳನ್ನು ಕೆಡವಲು ಅಪ್ಪಣೆಯಾಯಿತು. ಮೂಡುಬಿದಿರೆ ಬಳಿಯ ಹೊಸಬೆಟ್ಟಿನ ಹೋಲಿ ಕ್ರಾಸ್ ಇಗರ್ಜಿಯನ್ನು ಮಾತ್ರ ಚೌಟ ಅರಸರ ಮಧ್ಯಸ್ಥಿಕೆ ಉಳಿಸಿತು. ಜೈನ ಅರಸು ಮನೆತನವೊಂದು ಕ್ರೈಸ್ತರ ಪೂಜಾಸ್ಥಳಕ್ಕೆ ನೆರಳಾದ ಈ ಸಂಗತಿ ಮರೆಯುವಂಥದ್ದಲ್ಲ.

ಸೆರೆಯಾದವರ ಲೆಕ್ಕ ಮೂಲದಿಂದ ಮೂಲಕ್ಕೆ ಬೇರೆ: 30 ಸಾವಿರದಿಂದ 80 ಸಾವಿರದವರೆಗೆ. ಹೆಂಗಸರು, ಮಕ್ಕಳು, ಮುದುಕರೆನ್ನದೆ ಎಲ್ಲರನ್ನೂ ಘಟ್ಟ ಹತ್ತಿಸಿ ಟಿಪ್ಪುವಿನ ರಾಜಧಾನಿ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಹಸಿವು, ರೋಗ, ದಣಿವಿಗೆ ದಾರಿಯಲ್ಲೇ ಸಾವಿರಾರು ಜನ ಬಿದ್ದರು. ತಲುಪಿದವರಲ್ಲಿ ಗಟ್ಟಿಮುಟ್ಟಾದ ಗಂಡಸರಿಗೆ ಬಲವಂತವಾಗಿ ಸುನ್ನತಿ ಮಾಡಿಸಿ ಸೈನ್ಯಕ್ಕೆ ಸೇರಿಸಿದರು. ಎದುರಾಡಿದವರ ಕಿವಿ, ಮೂಗು ಕೊಯ್ದದ್ದನ್ನು ಅದೇ ಸೆರೆಯಲ್ಲಿದ್ದ ಆಂಗ್ಲ ಬಂದಿ ಜೇಮ್ಸ್ ಸ್ಕರಿ ದಾಖಲಿಸಿದ್ದಾನೆ. ಶತ್ರುಪಕ್ಷದವನ ಮಾತೆಂಬ ಎಚ್ಚರ ಓದುವಾಗ ಇರಬೇಕು, ನಿಜ. ಆದರೆ ಬಲವಂತದ ಮತಾಂತರವನ್ನು ಅಲ್ಲಗಳೆಯಲಾಗದು.

ಇದೇ ಟಿಪ್ಪು 1791ರಲ್ಲಿ ಮರಾಠರ ಲೂಟಿಗೆ ತುತ್ತಾದ ಶೃಂಗೇರಿ ಮಠಕ್ಕೆ ನೆರವು ನೀಡಿದ. ಹೀಗಾಗಿ ಕ್ರೈಸ್ತರ ಮೇಲಿನ ಕ್ರಮಕ್ಕೆ ರಾಜಕೀಯವೇ ಕಾರಣವೆನ್ನುವ ಇತಿಹಾಸಕಾರರಿದ್ದಾರೆ. ಕಾರಣ ರಾಜಕೀಯವೇ ಇರಲಿ, ಶಿಕ್ಷೆ ಬಿದ್ದದ್ದು ನಂಬಿಕೆಯ ಮೇಲೂ ಹೌದು. ಶತ್ರುವಿಗೆ ನೆರವಾದರೆಂಬ ಶಂಕೆಗೆ ಮಗುವಿನ ಮತ ಬದಲಿಸುವುದು ಉತ್ತರವಾಗಲಾರದು.

1799ರ ಮೇ 4ರಂದು ಶ್ರೀರಂಗಪಟ್ಟಣ ಕಂಪನಿ ಪಡೆಯ ವಶವಾದಾಗ ಬಿಡುಗಡೆ ಬಂತು. ಬದುಕುಳಿದವರು 15ರಿಂದ 20 ಸಾವಿರವೆಂಬ ಅಂದಾಜಿದೆ. ಬಲವಂತಕ್ಕೆ ತಲೆಬಾಗಿದವರು ಮತ್ತೆ ಕ್ರೈಸ್ತರಾಗಿ ಬಾಳಬಯಸಿದರು. ಅಂಥವರನ್ನು ಧರ್ಮಸಭೆಗೆ ಮರಳಿ ಸೇರಿಸಿಕೊಳ್ಳುವ ಕೆಲಸವನ್ನು ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ ವಹಿಸಿಕೊಂಡ. ರಕ್ತಸಾಕ್ಷಿಗಳ ಪಟ್ಟಿಯಲ್ಲಿ ಹೀಗೆ ಮರಳಿದವರಿಗೆ ಜಾಗವಿಲ್ಲ. ಆದರೆ ಅವರು ಅನುಭವಿಸಿದ ಹಿಂಸೆಯೇನೂ ಕಡಿಮೆಯದಲ್ಲ. ಹಲವರು ಕರಾವಳಿಗೆ ಹಿಂತಿರುಗಿ ಇಗರ್ಜಿಗಳನ್ನು ಒಂದೊಂದಾಗಿ ಎತ್ತಿ ನಿಲ್ಲಿಸಿದರು. ಮಂಗಳೂರಿನ ಮಿಲಾಗ್ರಿಸ್ ಇಗರ್ಜಿ 1811ರಲ್ಲಿ ಮತ್ತೆ ಎದ್ದಿತು.